ರಾಶಿಯಿಂದ ರೇಖೆಗೆ

ನಮ್ಮ ಪ್ರಾಥಮಿಕ ಶಾಲೆಗಳ ಗಣಿತ ಪುಸ್ತಕಗಳಲ್ಲಿ ಆಲೇಖವನ್ನು ಕುರಿತ ಪಾಠವು ಸಾಮಾನ್ಯವಾಗಿ ಪುಸ್ತಕದ ಕಡೆಯ ಭಾಗದಲ್ಲಿ ಬರುತ್ತದೆ. ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರಗಳೂ ಭಿನ್ನರಾಶಿ, ಅಳತೆ, ತೂಕ, ಹಣ, ಕಾಲಗಳೂ ತಂತಮ್ಮ ಪಾಲಿನ ದಿನಗಳನ್ನು ಪಡೆದು ಮುಗಿದ ಮೇಲೆ, ವಾರ್ಷಿಕ ಪರೀಕ್ಷೆಯು ಸಮೀಪಿಸಿ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಪುನರಾವರ್ತನೆಯ ಆತುರದಲ್ಲಿರುವ ಹೊತ್ತಿಗೆ, ಈ ಪಾಠದ ಸರದಿ ಬರುತ್ತದೆ. ಒಂದೆರಡು ಅವಧಿಗಳಲ್ಲಿ ಅದು ಮುಗಿದೂ ಹೋಗುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ಅನುಸರಿಸಿ ರಚಿತವಾದ ಎನ್‌ಸಿಇಆರ್‌ಟಿಯ ‘ಮ್ಯಾಥ್ ಮ್ಯಾಜಿಕ್’ ಪುಸ್ತಕಗಳು ಮೂರು, ನಾಲ್ಕು, ಐದನೆಯ ತರಗತಿಗಳಿಗೆಲ್ಲ ‘ಸ್ಮಾರ್ಟ್ ಚಾರ್ಟ್ಸ್’ ಎಂಬ ಅಧ್ಯಾಯವೊಂದನ್ನು ಇರಿಸಿದ್ದುವು. ಮಕ್ಕಳು ತಾವೇ ವಿಚಾರಿಸಿ, ಎಣಿಸಿ, ಬರೆಯಬೇಕೆಂಬ ಆಶಯವೂ ಅವುಗಳಲ್ಲಿ ಸ್ಪಷ್ಟವಾಗಿತ್ತು. ಆದರೆ ಆ ಅಧ್ಯಾಯಗಳ ಸ್ಥಾನವೂ ಪುಸ್ತಕದ ತುದಿಯಲ್ಲಿಯೇ.

ಅವಸರದಲ್ಲಿ ನಡೆಯುವ ಪಾಠದ ಸ್ವರೂಪ ಹೇಗಿರುತ್ತದೆಂಬುದನ್ನು ತರಗತಿಯ ಕೋಣೆಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಪುಸ್ತಕದಲ್ಲಿ ಮೊದಲೇ ಮುದ್ರಿತವಾಗಿರುವ ಸ್ತಂಭನಕ್ಷೆಯೊಂದಿರುತ್ತದೆ. ಯಾವುದೋ ಊರಿನ ಯಾವುದೋ ಶಾಲೆಯ ಮಕ್ಕಳಲ್ಲಿ ಎಷ್ಟು ಮಂದಿಗೆ ಮಾವು ಇಷ್ಟ, ಎಷ್ಟು ಮಂದಿಗೆ ಬಾಳೆ ಇಷ್ಟ ಎಂಬುದನ್ನು ಅದು ಹೇಳುತ್ತದೆ. ಮಗು ಸ್ತಂಭದ ನೆತ್ತಿಯಿಂದ ಎಡಕ್ಕೆ ಕಣ್ಣು ಹಾಯಿಸಿ ಅಲ್ಲಿರುವ ಸಂಖ್ಯೆಯನ್ನು ನಕಲುಮಾಡುತ್ತದೆ, ಉತ್ತರ ಸರಿಯಾಗುತ್ತದೆ, ಅಂಕ ದೊರೆಯುತ್ತದೆ. ಆದರೆ ಆ ಮಕ್ಕಳು ಯಾರು, ಅವರನ್ನು ಯಾರು ಏತಕ್ಕೆ ಕೇಳಿದರು, ಹಾಗೆ ಕೇಳಿದ್ದನ್ನು ಬರಿಯ ಅಂಕೆಗಳಲ್ಲಿ ಬರೆಯದೆ ಈ ಎತ್ತರದ ಪಟ್ಟಿಗಳನ್ನಾಗಿ ಏತಕ್ಕೆ ಬರೆದರು, ಪಟ್ಟಿಗಳ ಅಗಲವೆಲ್ಲ ಒಂದೇ ಆಗಿರುವುದೇಕೆ, ಎಲ್ಲವೂ ಒಂದೇ ನೆಲಗೆರೆಯಿಂದ ಮೇಲೇಳುವುದೇಕೆ ಎಂಬ ಪ್ರಶ್ನೆಗಳಲ್ಲಿ ಒಂದಾದರೂ ಆ ಮಗುವಿನ ಮನಸ್ಸಿನಲ್ಲಿ ಹುಟ್ಟುವುದಕ್ಕೆ ಅಲ್ಲಿ ಅವಕಾಶವಿಲ್ಲ. ಆಲೇಖದ ಪ್ರತಿಯೊಂದು ನಿಯಮವೂ ಒಂದೊಂದು ತೊಡಕಿಗೆ ಮನುಷ್ಯನು ಕಂಡುಕೊಂಡ ಪರಿಹಾರವಾಗಿದೆ. ತೊಡಕನ್ನು ತಾನೇ ಎದುರಿಸದ ಮಗುವಿಗೆ ಆ ಪರಿಹಾರವು ಹಸಿವಿಲ್ಲದವನ ಮುಂದೆ ಬಡಿಸಿಟ್ಟ ಊಟದಂತೆ. ಮೊದಲು ತೊಡಕು ಬರಲಿ, ಆಮೇಲೆ ನಿಯಮ ಬರಲಿ ಎಂಬುದೇ ಈ ಲೇಖನದಲ್ಲಿ ನಾನು ನಿವೇದಿಸಬಯಸುವ ಮಾತು.

ಈ ಮಾತಿಗೆ ಆಲೇಖದ ಚರಿತ್ರೆಯಲ್ಲಿಯೇ ಆಧಾರವಿದೆ. ಇಂದು ವೃತ್ತಪತ್ರಿಕೆಗಳಲ್ಲಿಯೂ ಸರ್ಕಾರದ ವರದಿಗಳಲ್ಲಿಯೂ ದಿನನಿತ್ಯ ಕಾಣುವ ರೇಖಾನಕ್ಷೆ, ಸ್ತಂಭನಕ್ಷೆ, ವೃತ್ತನಕ್ಷೆಗಳನ್ನು ಅಂಕಿ ಅಂಶಗಳ ನಿರೂಪಣೆಗೆ ಬಳಕೆಗೆ ತಂದ ಕೀರ್ತಿ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಎಂಬಾತನಿಗೆ ಸಲ್ಲುತ್ತದೆ. 1759ರಲ್ಲಿ ಪಾದ್ರಿಯೊಬ್ಬನ ಮನೆಯಲ್ಲಿ ಹುಟ್ಟಿದ ಈತನು ಇನ್ನೂ ಹುಡುಗನಾಗಿರುವಾಗಲೇ ತಂದೆಯನ್ನು ಕಳೆದುಕೊಂಡನು. ಮನೆಯ ಭಾರವೂ ತಮ್ಮಂದಿರ ಶಿಕ್ಷಣದ ಹೊಣೆಯೂ ಹಿರಿಯಣ್ಣನಾದ ಜಾನ್ ಪ್ಲೇಫೇರನ ಮೇಲೆ ಬಿದ್ದುವು. ಮುಂದೆ ಎಡಿನ್‌ಬರೊ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕನಾಗಿ, ಸಮಾಂತರ ರೇಖೆಗಳನ್ನು ಕುರಿತ ಪ್ಲೇಫೇರ್ ಸ್ವಯಂಸಿದ್ಧದ ಮೂಲಕ ಇಂದಿಗೂ ಜ್ಯಾಮಿತಿಯ ಪುಸ್ತಕಗಳಲ್ಲಿ ಹೆಸರುಳಿಸಿಕೊಂಡಿರುವವನು ಈ ಅಣ್ಣನೇ. ಆತನು ತಮ್ಮನಿಗೆ ಉಷ್ಣಮಾಪಕವೊಂದರ ಏರಿಳಿತವನ್ನು ದಿನದಿನವೂ ನೋಡಿ, ಸಮಭಾಗಗಳಾಗಿ ಗುರುತುಮಾಡಿದ ಪ್ರಮಾಣದ ಮೇಲೆ ಗೆರೆಗಳಾಗಿ ಬರೆದಿಡುವ ಕೆಲಸವನ್ನು ಒಪ್ಪಿಸಿದನು. ಸಂಖ್ಯೆಯಿಂದ ಹೇಳಬಹುದಾದ ಯಾವುದನ್ನೇ ಆಗಲಿ ಗೆರೆಯಿಂದಲೂ ಹೇಳಬಹುದೆಂಬುದನ್ನು ತಾನು ಅಣ್ಣನಿಂದ ಹೀಗೆ ಕಲಿತೆನೆಂದು ವಿಲಿಯಂ ಪ್ಲೇಫೇರನು ಮುಂದೆ ತಾನೇ ಕೃತಜ್ಞತೆಯಿಂದ ಸ್ಮರಿಸಿದ್ದಾನೆ.

1786ರಲ್ಲಿ ಆತನ ‘ಕಮರ್ಷಿಯಲ್ ಅಂಡ್ ಪೊಲಿಟಿಕಲ್ ಅಟ್ಲಾಸ್’ ಹೊರಬಂದಿತು. ಇಂಗ್ಲೆಂಡಿನ ಆಯಾತ ನಿರ್ಯಾತಗಳು ವರ್ಷದಿಂದ ವರ್ಷಕ್ಕೆ ಬದಲಾದ ಬಗೆಯನ್ನು ಅದರಲ್ಲಿ ಆತನು ರೇಖಾನಕ್ಷೆಗಳಲ್ಲಿ ತೋರಿಸಿದನು. ಸ್ಕಾಟ್ಲೆಂಡಿನ ವಿಷಯಕ್ಕೆ ಬಂದಾಗ ಮಾತ್ರ ಒಂದು ತೊಡಕು ಎದುರಾಯಿತು: ಆತನ ಕೈಯಲ್ಲಿದ್ದುದು 1780ರ ಕ್ರಿಸ್‌ಮಸ್‌ನಿಂದ 1781ರ ಕ್ರಿಸ್‌ಮಸ್‌ವರೆಗಿನ ಒಂದೇ ವರ್ಷದ ಲೆಕ್ಕ. ಒಂದು ವರ್ಷದ ಲೆಕ್ಕದಿಂದ ಏರಿಳಿತದ ಗೆರೆಯನ್ನು ಎಳೆಯುವುದೆಂತು? ಆದಕಾರಣ 17 ದೇಶಗಳೊಡನೆ ನಡೆದ ವ್ಯಾಪಾರವನ್ನು ಬಿಡಿಬಿಡಿಯಾದ ಪಟ್ಟಿಗಳನ್ನಾಗಿ ಬರೆದನು. ಸ್ತಂಭನಕ್ಷೆಯ ಉದಯ ಹೀಗಾಯಿತು. ಬಲ್ಲವರು ಇಂದು ಆದರಿಸುವ ಈ ರೂಪವನ್ನು ಆತನು ದತ್ತಗಳ ಕೊರತೆಗೆ ಒಂದು ನಿರ್ವಾಹವೆಂದು ಮಾತ್ರ ಭಾವಿಸಿದ್ದನು. ಇನ್ನೂ ಗಮನಾರ್ಹವಾದ ಸಂಗತಿಯೆಂದರೆ, ಈ ಹೊಸ ಬಗೆಯ ಬರವಣಿಗೆಯನ್ನು ಕಂಡರಿಯದ ಓದುಗರಿಗೆ ಅದರ ಅರ್ಥವನ್ನು ತಿಳಿಸಲು ಆತನು ಹಿಡಿದ ದಾರಿ. ವ್ಯಾಪಾರಿಯೊಬ್ಬನು ದಿನವೂ ಸಂಜೆ ಆ ದಿನ ಬಂದ ಗಿನಿ ನಾಣ್ಯಗಳನ್ನು ಒಂದರ ಮೇಲೊಂದಾಗಿ ಪೇರಿಸಿಡುತ್ತಾನೆಂದು ಭಾವಿಸಿರಿ, ಒಂದೊಂದು ಪೇರಿಕೆಯೂ ಒಂದೊಂದು ದಿನ, ಅದರ ಎತ್ತರವೇ ಆ ದಿನದ ಗಳಿಕೆ ಎಂದು ಆತನು ವಿವರಿಸಿದನು. ಪ್ರೌಢರಾದ ಓದುಗರಿಗೂ ಆಲೇಖವನ್ನು ಅದರ ಕರ್ತೃವೇ ನಾಣ್ಯದ ರಾಶಿಯಿಂದ ಬೋಧಿಸಿದನೆಂದ ಮೇಲೆ, ಎಂಟು ವರ್ಷದ ಮಗುವಿಗೆ ಅಕ್ಷಗಳಿಂದಲೂ ಗ್ರಾಫ್ ಹಾಳೆಯಿಂದಲೂ ಪಾಠವನ್ನು ಆರಂಭಿಸುವುದಕ್ಕೆ ನಮಗೆ ಯಾವ ಸಮರ್ಥನೆಯಿದೆ?

ಆದುದರಿಂದ ಮೊದಲನೆಯ ಮತ್ತು ಎರಡನೆಯ ತರಗತಿಗಳಲ್ಲಿ ಆಲೇಖವು ವಸ್ತುಗಳ ರಾಶಿಯಾಗಿಯೇ ಇರಬೇಕು. ಇಂಗ್ಲೆಂಡಿನಲ್ಲಿ 1964ರಲ್ಲಿ ಆರಂಭವಾದ ನಫೀಲ್ಡ್ ಗಣಿತ ಯೋಜನೆಯವರು ಎಳೆಯ ಮಕ್ಕಳ ಅಧ್ಯಾಪಕರಿಗಾಗಿ ಚಿತ್ರರೂಪದ ನಿರೂಪಣೆಯನ್ನೇ ವಿಷಯವಾಗಿಸಿ ಒಂದು ಕೈಪಿಡಿಯನ್ನು ಹೊರತಂದರು. ವಸ್ತುಗಳನ್ನು ಸಾಲಿಟ್ಟು ಹೋಲಿಸುವುದರಿಂದ ಮೊದಲಾಗಿ ಕ್ರಮೇಣ ಕಾಗದದ ಮೇಲಿನ ನಕ್ಷೆಗೆ ಸಾಗುವ ಆ ಮಾರ್ಗಕ್ಕೆ ವಿಶೇಷವಾದ ಸಲಕರಣೆ ಏನೂ ಬೇಡ. ಮನೆಯ ಹಿತ್ತಲಲ್ಲಿ ಯಾವ ಮರವಿದೆಯೆಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಬಹುದು. ಮಕ್ಕಳು ಒಬ್ಬೊಬ್ಬರೂ ತಮ್ಮ ಹಿತ್ತಲಿನ ಮರದ ಗುರುತಾಗಿ ಒಂದು ವಸ್ತುವನ್ನು ತರಲಿ: ತೆಂಗಿನ ಮರವುಳ್ಳವರು ಒಂದು ಕರಟ, ಹುಣಿಸೆಯುಳ್ಳವರು ಒಂದು ಹುಣಿಸೆ ಬೀಜ, ಮಾವಿನ ಮರವುಳ್ಳವರು ಒಂದು ವಾಟೆ. ಮೂರು ಸಾಲುಗಳನ್ನು ನೆಲದ ಮೇಲೆ ಇಡಿಸಿದರೆ, ಐದು ಕರಟಗಳ ಸಾಲು ಒಂಬತ್ತು ಹುಣಿಸೆ ಬೀಜಗಳ ಸಾಲಿಗಿಂತ ಬಹಳ ಉದ್ದವಾಗಿ ಕಾಣುತ್ತದೆ. ತೆಂಗೇ ಹೆಚ್ಚು ಎಂದು ಕೆಲವು ಮಕ್ಕಳು ಕೂಗುತ್ತಾರೆ. ಎಣಿಸಿ ನೋಡಿದವರು ಅಲ್ಲವೆನ್ನುತ್ತಾರೆ. ಈ ವಿವಾದವೇ ಪಾಠ. ಉಪಾಧ್ಯಾಯರು ಈ ಸಮಯದಲ್ಲಿ ಬಾಯಿ ತೆರೆಯದಿರುವುದು ಲೇಸು. ಕಣ್ಣು ಹೇಳುವುದಕ್ಕೂ ಎಣಿಕೆ ಹೇಳುವುದಕ್ಕೂ ವಿರೋಧ ಬಂದಾಗ ಏನು ಮಾಡಬೇಕೆಂಬುದನ್ನು ಮಕ್ಕಳೇ ಚರ್ಚಿಸಿ, ಒಂದೊಂದು ವಸ್ತುವಿಗೂ ಸಮನಾದ ಜಾಗ ಕೊಡಬೇಕೆಂಬ ತೀರ್ಮಾನಕ್ಕೆ ಬಂದರೆ, ನೆಲದ ಮೇಲೆ ಸೀಮೆಸುಣ್ಣದಿಂದ ಸಮನಾದ ಮನೆಗಳನ್ನು ಬರೆದು ಮನೆಗೊಂದು ವಸ್ತುವನ್ನು ಇಡುವುದು ಸಹಜವಾಗಿಯೇ ಅನಂತರದ ಹೆಜ್ಜೆಯಾಗುತ್ತದೆ. ಸಾಲುಗಳು ಬೇರೆ ಬೇರೆ ಕಡೆಯಿಂದ ಹೊರಟರೆ ಹೋಲಿಸಲಾಗದೆಂಬುದೂ ಅಲ್ಲಿಯೇ ತಿಳಿಯುತ್ತದೆ. ಸಮಾನವಾದ ಏಕಮಾನ, ಸಮಾನವಾದ ಆಧಾರರೇಖೆ ಎಂಬ ಎರಡು ದೊಡ್ಡ ತತ್ತ್ವಗಳು ಆ ಹೆಸರುಗಳ ಭಾರವಿಲ್ಲದೆ ಮಗುವಿನ ಸ್ವತ್ತಾಗುವುದು ಹೀಗೆ.

ಹಿತ್ತಲಿಲ್ಲದ ಮನೆಯ ಮಗುವೂ, ಎರಡು ಮರಗಳುಳ್ಳ ಮನೆಯ ಮಗುವೂ ತರಗತಿಯಲ್ಲಿ ಇದ್ದೇ ಇರುತ್ತಾರೆ. ಅವರನ್ನು ಎಲ್ಲಿ ಸೇರಿಸಬೇಕು? ಪ್ರಶ್ನೆಯನ್ನೇ ತಿದ್ದಬೇಕೆ, ಇಲ್ಲವೆ ಹೊಸದೊಂದು ಸಾಲನ್ನು ತೆರೆಯಬೇಕೆ? ಜನಗಣತಿಯ ಅಧಿಕಾರಿಗಳನ್ನು ಕಾಡುವ ಪ್ರಶ್ನೆಯೂ ಇದೇ ಜಾತಿಯದು. ಪುಸ್ತಕದ ಸಿದ್ಧನಕ್ಷೆಯಲ್ಲಿ ಇಂಥ ಮಗು ಇರುವುದೇ ಇಲ್ಲ. ಎಲ್ಲರೂ ಒಂದೊಂದು ಹಣ್ಣನ್ನು ತಪ್ಪದೆ ಇಷ್ಟಪಟ್ಟಿರುತ್ತಾರೆ.

ವಸ್ತುವಿನಿಂದ ಚಿತ್ರಕ್ಕೆ ಬರುವಾಗ ಮತ್ತೊಂದು ಬಗೆಯ ತೊಡಕು ಉಂಟಾಗುತ್ತದೆ. ಹತ್ತು ಮಾವಿನ ಹಣ್ಣುಗಳನ್ನು ತೋರಿಸಬೇಕಾದ ಮಗು, ಐದನ್ನು ತೋರಿಸಿದ ಚಿತ್ರಕ್ಕಿಂತ ಇಮ್ಮಡಿ ಎತ್ತರದ ಒಂದು ಮಾವನ್ನು ಬರೆಯಬಹುದು. ಎತ್ತರ ಇಮ್ಮಡಿಯಾದಾಗ ಅಗಲವೂ ಇಮ್ಮಡಿಯಾಗಿ ಹಣ್ಣು ಹಾಳೆಯ ಮೇಲೆ ನಾಲ್ಕರಷ್ಟು ಜಾಗವನ್ನು ಆಕ್ರಮಿಸುತ್ತದೆ, ನೋಡುವ ಕಣ್ಣಿಗೆ ನಾಲ್ಕರಷ್ಟಾಗಿಯೇ ತೋರುತ್ತದೆ. ಬೆಳೆದವರು ತಯಾರಿಸುವ ಜಾಹೀರಾತುಗಳಲ್ಲಿಯೂ ಪ್ರಚಾರಪತ್ರಗಳಲ್ಲಿಯೂ ಈ ದೋಷವು ಹೇರಳವಾಗಿದೆ. ಆಸ್ಟ್ರಿಯದ ತತ್ತ್ವಶಾಸ್ತ್ರಜ್ಞ ಆಟೊ ನೊಯ್ರಾಟ್ ಎಂಬಾತನು 1925ರಲ್ಲಿ ವಿಯೆನ್ನಾ ನಗರದಲ್ಲಿ ಸಮಾಜ ಮತ್ತು ಅರ್ಥವ್ಯವಸ್ಥೆಗಳನ್ನು ಕುರಿತ ವಸ್ತುಸಂಗ್ರಹಾಲಯವನ್ನು ತೆರೆದು, ಓದುಬರಹ ಹೆಚ್ಚಾಗಿ ಬಾರದ ಕಾರ್ಮಿಕರಿಗೂ ನಗರದ ಸ್ಥಿತಿಗತಿಗಳು ತಿಳಿಯಬೇಕೆಂಬ ಹಂಬಲದಿಂದ ಚಿತ್ರನಕ್ಷೆಯ ಪದ್ಧತಿಯನ್ನು ರೂಪಿಸಿದಾಗ, ಅದರ ಪ್ರಧಾನ ನಿಯಮವನ್ನಾಗಿ ಇರಿಸಿದ್ದು ಇದನ್ನೇ: ಹೆಚ್ಚಿನ ಪರಿಮಾಣವನ್ನು ತೋರಿಸಲು ಚಿತ್ರವನ್ನು ಹಿಗ್ಗಿಸಕೂಡದು, ಅದೇ ಅಳತೆಯ ಚಿತ್ರಗಳನ್ನು ಹೆಚ್ಚು ಸಂಖ್ಯೆಯಲ್ಲಿ ಬರೆಯಬೇಕು. ಮುಂದೆ ಐಸೊಟೈಪ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಪದ್ಧತಿಯಲ್ಲಿ ಆತನ ಸಹಾಯಕಿಯೂ ಅನಂತರ ಪತ್ನಿಯೂ ಆದ ಮೇರಿ ನೊಯ್ರಾಟ್ ಮುಂದೆ ಲಂಡನ್ನಿನಲ್ಲಿ ಮಕ್ಕಳಿಗಾಗಿಯೇ ಅನೇಕ ಪುಸ್ತಕಗಳನ್ನು ಸಿದ್ಧಪಡಿಸಿದಳು. ನಮ್ಮ ಮೂರನೆಯ ತರಗತಿಯ ಚಿತ್ರನಕ್ಷೆಯ ಪಾಠವು ವಸ್ತುತಃ ಆ ವಸ್ತುಸಂಗ್ರಹಾಲಯದ ಸಂತತಿ.

ಒಂದು ಚಿತ್ರವು ಅನೇಕ ವಸ್ತುಗಳಿಗೆ ಪ್ರತಿನಿಧಿಯಾಗುವ ಹಂತದಲ್ಲಿ ಆತುರ ಸಲ್ಲದು. ಪುಸ್ತಕಗಳು ಒಮ್ಮೆಲೇ ಒಂದು ಚಿತ್ರಕ್ಕೆ ಹತ್ತು ಎಂಬ ಸಂಕೇತಕ್ಕೆ ನೆಗೆಯುವುದುಂಟು. ಒಂದು ಚಿತ್ರಕ್ಕೆ ಎರಡು ಎಂದು ಮೊದಲುಮಾಡಿದರೆ ಏಳು ಮಕ್ಕಳನ್ನು ಮೂರೂವರೆ ಚಿತ್ರಗಳಿಂದ ತೋರಿಸಬಹುದು, ಅರ್ಧ ಚಿತ್ರದ ಅರ್ಥವೂ ಸ್ಪಷ್ಟವಾಗುತ್ತದೆ. ಒಂದಕ್ಕೆ ಐದು ಎಂದಾಗ ಏಳನ್ನು ಬರೆಯುವುದು ಕಷ್ಟ; ಎರಡನೆಯ ಚಿತ್ರದಲ್ಲಿ ಐದರಲ್ಲಿ ಎರಡು ಪಾಲನ್ನು ಎಲ್ಲಿ ಕತ್ತರಿಸಬೇಕೆಂದು ಮಗು ತಬ್ಬಿಬ್ಬಾಗುತ್ತದೆ. ಆ ತಬ್ಬಿಬ್ಬಿನಲ್ಲಿಯೇ ಚಿತ್ರವನ್ನು ಬಿಟ್ಟು ಸಾದಾ ಪಟ್ಟಿಗೆ ಬರುವ ಅವಶ್ಯಕತೆಯು ಹುಟ್ಟುತ್ತದೆ, ಏಕೆಂದರೆ ಪಟ್ಟಿಯನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಇದಕ್ಕಾಗಿ ಗ್ರಾಫ್ ಹಾಳೆಯನ್ನು ಕೊಂಡು ತರಿಸಬೇಕಾಗಿಯೂ ಇಲ್ಲ. ಲೆಕ್ಕಕ್ಕೆಂದು ಮಕ್ಕಳ ಚೀಲದಲ್ಲಿ ಈಗಾಗಲೇ ಇರುವ ಚೌಕುಳಿ ಪುಸ್ತಕವೇ ಸಾಕು. 1901ರಲ್ಲಿ ಗ್ಲಾಸ್ಗೊ ನಗರದಲ್ಲಿ ಗಣಿತ ಬೋಧನೆಯ ಸುಧಾರಣೆಗಾಗಿ ವಾದಿಸಿದ ಜಾನ್ ಪೆರಿ ಎಂಬ ಎಂಜಿನಿಯರನು ಈ ಚೌಕುಳಿ ಕಾಗದವು ಎಲ್ಲ ವಿದ್ಯಾರ್ಥಿಗಳ ಕೈಯಲ್ಲಿಯೂ ಇರಬೇಕೆಂದು ಬಯಸಿದವರಲ್ಲಿ ಪ್ರಮುಖನು.

ಈಗ ಪ್ರಮಾಣದ ವಿಚಾರಕ್ಕೆ ಬರುತ್ತೇನೆ. ಪ್ರಾಥಮಿಕ ಹಂತದ ಆಲೇಖಪಾಠದಲ್ಲಿ ಇದರಷ್ಟು ಕಠಿಣವಾದುದೂ, ಇದರಷ್ಟು ಉಪೇಕ್ಷೆಗೆ ಒಳಗಾದುದೂ ಮತ್ತೊಂದಿಲ್ಲ. ‘ಪ್ರಮಾಣ: 1 ಸೆಂ.ಮೀ. = 10’ ಎಂದು ಪುಸ್ತಕವು ಮೇಲ್ಭಾಗದಲ್ಲಿ ಬರೆದುಕೊಟ್ಟುಬಿಡುತ್ತದೆ; ಆಯ್ಕೆಮಾಡುವ ಬುದ್ಧಿಶ್ರಮವನ್ನೆಲ್ಲ ಪುಸ್ತಕದ ಕರ್ತೃವು ತಾನೇ ಪಟ್ಟು, ಗೀರೆಳೆಯುವ ಕೈಶ್ರಮವನ್ನು ಮಾತ್ರ ಮಗುವಿಗೆ ಬಿಡುತ್ತಾನೆ. ಇದಕ್ಕೆ ಪ್ರತಿಯಾಗಿ ಐದನೆಯ ತರಗತಿಯ ಮಕ್ಕಳಿಗೆ ಎರಡು ಸಂಖ್ಯೆಗಳನ್ನು ಕೊಟ್ಟು ನೋಡಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 7,600 ಮಿ.ಮೀ. ಮಳೆ, ಚಿತ್ರದುರ್ಗದ ಸೀಮೆಯಲ್ಲಿ ಸುಮಾರು 600 ಮಿ.ಮೀ. ಎರಡನ್ನೂ ಒಂದೇ ಹಾಳೆಯಲ್ಲಿ ತೋರಿಸಬೇಕೆಂದರೆ, 1 ಸೆಂ.ಮೀ.ಗೆ 100 ಮಿ.ಮೀ. ಎಂದು ಹೊರಟ ಮಗುವಿಗೆ ಚಿತ್ರದುರ್ಗದ ಸ್ತಂಭ 6 ಸೆಂ.ಮೀ. ಆಗಿ ಅಂದವಾಗಿ ನಿಲ್ಲುತ್ತದೆ, ಆಗುಂಬೆಯದು 76 ಸೆಂ.ಮೀ. ಆಗಿ ಪುಸ್ತಕವನ್ನು ದಾಟಿ ಹೋಗುತ್ತದೆ. 1 ಸೆಂ.ಮೀ.ಗೆ 1,000 ಎಂದು ಬದಲಾಯಿಸಿದರೆ ಆಗುಂಬೆ 7.6 ಸೆಂ.ಮೀ.ಗೆ ಇಳಿದು, ಚಿತ್ರದುರ್ಗವು ಚೌಕುಳಿಯ ಒಂದು ಮೂಲೆಯಲ್ಲಿ ಅಡಗಿಬಿಡುತ್ತದೆ. 500 ಎಂದು ಆರಿಸಿದರೆ ಒಂದು 15 ಸೆಂ.ಮೀ.ಗೆ ಸ್ವಲ್ಪ ಮೇಲೆ, ಇನ್ನೊಂದು 1 ಸೆಂ.ಮೀ.ಗೆ ಸ್ವಲ್ಪ ಮೇಲೆ. ಎರಡೂ ಹಾಳೆಯಲ್ಲಿ ಹಿಡಿಯುತ್ತವೆ. ಈ ಮೂರು ಪ್ರಯತ್ನಗಳಿಗೆ ಒಂದು ಅವಧಿಯೇ ಕಳೆದುಹೋದರೆ ಕಳೆದುಹೋಗಲಿ. ಭಾಗಾಕಾರವು ಏತಕ್ಕೆ ಬೇಕೆಂಬುದೂ, ಒಂದೇ ರಾಜ್ಯದೊಳಗೆ ಒಂದು ಊರಿಗೆ ಬೀಳುವ ಮಳೆಯ ಸುಮಾರು ಹದಿಮೂರರಲ್ಲೊಂದು ಪಾಲಿನಲ್ಲಿ ಮತ್ತೊಂದು ಸೀಮೆಯ ರೈತನು ಬೆಳೆ ತೆಗೆಯಬೇಕಾಗಿದೆಯೆಂಬುದೂ ಆ ಒಂದು ಅವಧಿಯಲ್ಲಿ ಮಗುವಿಗೆ ಒಟ್ಟಾಗಿ ತಿಳಿದಿರುತ್ತದೆ.

ಪ್ರಮಾಣದೊಡನೆ ಸೊನ್ನೆಯ ಪ್ರಶ್ನೆಯೂ ಸೇರಿಕೊಂಡಿದೆ. ಮುಂಗಾರಿನ ಕಾಲದಲ್ಲಿ ಮೈಸೂರು, ಮಂಡ್ಯ ಸೀಮೆಯ ಜನರು ಬೆಳಗಾದೊಡನೆ ಪತ್ರಿಕೆಯಲ್ಲಿ ಹುಡುಕುವ ಸಂಖ್ಯೆಯೆಂದರೆ ಕೃಷ್ಣರಾಜಸಾಗರದ ನೀರಿನ ಮಟ್ಟ. ಅದರ ಗರಿಷ್ಠ ಮಟ್ಟ 124.80 ಅಡಿ. ಒಂದು ವಾರ 115 ಅಡಿ ಇದ್ದ ನೀರು ಮರುವಾರ 120 ಅಡಿಗೆ ಏರಿತೆನ್ನೋಣ. ಇದನ್ನು ಸೊನ್ನೆಯಿಂದ ಆರಂಭವಾಗುವ ಸ್ತಂಭಗಳಲ್ಲಿ ಬರೆದರೆ ಎರಡೂ ಬಹುಮಟ್ಟಿಗೆ ಸಮವಾಗಿ ಕಾಣುತ್ತವೆ. ನೆಲಗೆರೆಯನ್ನೇ 110 ಎಂದು ಇಟ್ಟುಕೊಂಡು ಬರೆದರೆ ಎರಡನೆಯ ಸ್ತಂಭವು ಮೊದಲನೆಯದರ ಇಮ್ಮಡಿಯಾಗಿ ನಿಲ್ಲುತ್ತದೆ. ಸಂಖ್ಯೆಗಳಲ್ಲಿ ಸುಳ್ಳಿಲ್ಲ, ಆದರೂ ನೋಡಿದವನ ಮನಸ್ಸಿನಲ್ಲಿ ಉಳಿಯುವುದು ಸುಳ್ಳು. ಚುನಾವಣೆಯ ಕಾಲದಲ್ಲಿ ದೂರದರ್ಶನದ ಪರದೆಯ ಮೇಲೆ ಬರುವ ಸ್ತಂಭಗಳನ್ನು ಬುಡವನ್ನು ಮರೆಮಾಡಿ ತೋರಿಸಿದಾಗ ಮೋಸಹೋಗದಿರುವ ಪ್ರಜೆಯು ಬೇಕಾದರೆ, ಅವನು ಹತ್ತು ವರ್ಷದವನಾಗಿದ್ದಾಗ ಈ ಎರಡು ನಕ್ಷೆಗಳನ್ನು ತನ್ನ ಕೈಯಿಂದಲೇ ಬರೆದು ಬೆರಗಾಗಿರಬೇಕು. ಮಕ್ಕಳು ಚುರುಕಾಗಿದ್ದರೆ ಇನ್ನೂ ಒಂದು ಹೆಜ್ಜೆ ಹೋಗಬಹುದು. ನೀರು 100 ಅಡಿಗೆ ಬಂದಾಗ ಎತ್ತರದಲ್ಲಿ ಪೂರ್ಣಮಟ್ಟದ ಐದರಲ್ಲಿ ನಾಲ್ಕು ಪಾಲು ಆಗಿರುತ್ತದೆ, ಆದರೆ ಜಲಾಶಯದ ಒಟ್ಟು ಸಾಮರ್ಥ್ಯವಾದ 49.45 ಟಿಎಂಸಿಯಲ್ಲಿ ಅರ್ಧದಷ್ಟೂ ನೀರು ಸೇರಿರುವುದಿಲ್ಲ. ಕೆಳಗೆ ಕಿರಿದಾಗಿ ಮೇಲೆಮೇಲೆ ವಿಶಾಲವಾಗುತ್ತ ಹೋಗುವ ಕಣಿವೆಯಲ್ಲಿ ಮೇಲಿನ ಒಂದೊಂದು ಅಡಿಯೂ ಕೆಳಗಿನ ಒಂದು ಅಡಿಗಿಂತ ಹೆಚ್ಚು ನೀರನ್ನು ಹಿಡಿಯುತ್ತದೆ. ಎತ್ತರದ ನಕ್ಷೆಯನ್ನು ಪರಿಮಾಣದ ನಕ್ಷೆಯೆಂದು ಓದಕೂಡದೆಂಬ ವಿವೇಕಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಕಾವೇರಿಯ ಮಕ್ಕಳಿಗೆ ದೊರೆಯಲಾರದು.

ಬಿಂದುಗಳನ್ನು ಗೆರೆಯಿಂದ ಸೇರಿಸುವ ರೇಖಾನಕ್ಷೆಯ ವಿಷಯದಲ್ಲಿ ಹೆಚ್ಚು ವಿಸ್ತರಿಸುವುದಿಲ್ಲ. ಐದನೆಯ ತರಗತಿಯ ತನಕ ಅದರ ಪರಿಚಯ ಅಲ್ಪವಾಗಿದ್ದರೆ ಸಾಕು. ಹೆಸರುಕಾಳಿನ ಮೊಳಕೆಯ ಎತ್ತರವನ್ನು ದಿನವೂ ಅಳೆದು ಗುರುತಿಸಿದಾಗ ಎರಡು ಗುರುತುಗಳ ನಡುವೆ ಗೆರೆ ಎಳೆಯುವುದಕ್ಕೆ ಅರ್ಥವುಂಟು, ಏಕೆಂದರೆ ಸೋಮವಾರಕ್ಕೂ ಮಂಗಳವಾರಕ್ಕೂ ನಡುವಿನ ಇರುಳಿನಲ್ಲಿಯೂ ಮೊಳಕೆ ಇದ್ದೇ ಇತ್ತು, ಬೆಳೆಯುತ್ತಲೂ ಇತ್ತು. ತೆಂಗಿನ ಗುರುತಿನಿಂದ ಹುಣಿಸೆಯ ಗುರುತಿಗೆ ಗೆರೆ ಎಳೆದರೆ ಅದಕ್ಕೆ ಯಾವ ಅರ್ಥವೂ ಇಲ್ಲ. ಈ ಭೇದವೊಂದು ತಿಳಿದರೆ ಕೆಲಸವಾಯಿತು. ದೊಡ್ಡ ಮಕ್ಕಳೂ ರೇಖಾನಕ್ಷೆಯಲ್ಲಿ ಎಡವುತ್ತಾರೆಂಬುದನ್ನು ಕ್ಲಾಡ್ ಜಾನ್ವಿಯೇ ಎಂಬ ಸಂಶೋಧಕನು 1970ರ ದಶಕದಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ತೋರಿಸಿಕೊಟ್ಟನು: ಪಂದ್ಯದ ಕಾರೊಂದರ ವೇಗದ ನಕ್ಷೆಯನ್ನು ಕೊಟ್ಟು ಓಟದ ದಾರಿಯಲ್ಲಿ ಎಷ್ಟು ತಿರುವುಗಳಿವೆಯೆಂದು ಕೇಳಿದರೆ, ಹಲವರು ವೇಗದ ಆ ವಕ್ರರೇಖೆಯನ್ನೇ ರಸ್ತೆಯ ಚಿತ್ರವೆಂದು ತಿಳಿದು ಅದರ ಬಾಗುಗಳನ್ನು ಎಣಿಸಿದರು. ಆಲೇಖವನ್ನು ಚಿತ್ರವೆಂದು ಕಾಣುವ ಈ ಭ್ರಾಂತಿಯು, ತನ್ನ ಕೈಯಿಂದ ಅಳೆದು ತಾನೇ ಗುರುತಿಟ್ಟ ಮಗುವಿನಲ್ಲಿ ಬೇರೂರುವುದು ಕಷ್ಟ.

ಬರೆಯುವುದಕ್ಕಿಂತ ಓದುವುದು ದೊಡ್ಡದು. ಫ್ರಾನ್ಸೆಸ್ ಕರ್ಸಿಯೊ ಎಂಬ ಅಮೆರಿಕದ ಗಣಿತಶಿಕ್ಷಣ ತಜ್ಞೆಯು ನಾಲ್ಕನೆಯ ಮತ್ತು ಏಳನೆಯ ತರಗತಿಯ ಮಕ್ಕಳನ್ನು ಪರೀಕ್ಷಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಲೇಖವನ್ನು ಅರಿಯುವುದರಲ್ಲಿ ಮೂರು ಮಟ್ಟಗಳಿರುವುದನ್ನು ನಿರೂಪಿಸಿದಳು: ದತ್ತವನ್ನು ಓದುವುದು, ದತ್ತಗಳ ನಡುವೆ ಓದುವುದು, ದತ್ತಗಳ ಆಚೆಗೆ ಓದುವುದು. ಹುಣಿಸೆ ಎಷ್ಟು ಎಂಬುದು ಮೊದಲನೆಯದು. ತೆಂಗಿಗಿಂತ ಹುಣಿಸೆ ಎಷ್ಟು ಹೆಚ್ಚು ಎಂಬುದು ಎರಡನೆಯದು. ನೆರೆಯೂರಿನ ಶಾಲೆಯಲ್ಲಿ ಇದನ್ನೇ ಕೇಳಿದರೆ ಹೀಗೆಯೇ ಬರುತ್ತದೆಯೇ ಎಂಬುದು ಮೂರನೆಯದು. ನಮ್ಮ ಪ್ರಶ್ನಪತ್ರಿಕೆಗಳು ಮೊದಲನೆಯ ಮಟ್ಟದಲ್ಲಿಯೇ ಸುಳಿದಾಡಿ ಆಗೊಮ್ಮೆ ಈಗೊಮ್ಮೆ ಎರಡನೆಯದನ್ನು ಮುಟ್ಟುತ್ತವೆ. ಅಂಕಗಳನ್ನು ಹಂಚುವಾಗಲಂತೂ ಗೆರೆಯ ನೇರಕ್ಕೂ ಬಣ್ಣದ ಅಂದಕ್ಕೂ ಸಲ್ಲುವ ಗೌರವ ವಿಚಾರಕ್ಕೆ ಸಲ್ಲುವುದಿಲ್ಲ. ಗೆರೆ ನೇರವಾಗಿರಬಾರದೆಂದು ನಾನು ಹೇಳುತ್ತಿಲ್ಲ. ಸೊಟ್ಟಗೆರೆಯ ನಕ್ಷೆಯಿಂದ ಒಳ್ಳೆಯ ಪ್ರಶ್ನೆಯೊಂದನ್ನು ಎತ್ತಿದ ಮಗುವಿಗೆ, ಅಂದವಾಗಿ ಬಣ್ಣ ತುಂಬಿ ಸುಮ್ಮನಾದ ಮಗುವಿಗಿಂತ ಹೆಚ್ಚಿನ ಅಂಕ ಬರಬೇಕೆಂದು ಮಾತ್ರ ಹೇಳುತ್ತಿದ್ದೇನೆ.

ಆಚೆಗೆ ಓದುವ ಅಭ್ಯಾಸಕ್ಕೆ ನಮ್ಮಲ್ಲಿಯೇ ದೊರೆಯುವ ಒಂದು ಸಾಮಗ್ರಿಯನ್ನು ಸೂಚಿಸುತ್ತೇನೆ. ಮಕ್ಕಳು ತಮ್ಮ ಮನೆಯ ಹಾಗೂ ನೆರೆಯ ಅಜ್ಜ ಅಜ್ಜಿಯರ ಜನ್ಮದಿನವನ್ನು ದಾಖಲೆಯಲ್ಲಿರುವಂತೆ ಕೇಳಿ ಬರೆದುಕೊಂಡು ಬಂದು, ತಿಂಗಳಿಗೊಂದರಂತೆ ಹನ್ನೆರಡು ಸ್ತಂಭಗಳ ನಕ್ಷೆಯನ್ನು ಮಾಡಲಿ. ಹಿರಿಯ ತಲೆಮಾರಿನ ಅಸಂಖ್ಯ ಜನರ ಶಾಲಾದಾಖಲೆಗಳಲ್ಲಿ ಜನ್ಮದಿನವು ಜೂನ್ 1 ಎಂದಿರುವುದು ಕನ್ನಡ ನಾಡಿನಲ್ಲಿ ಎಲ್ಲರೂ ಬಲ್ಲ ಸಂಗತಿ. ಆದಕಾರಣ ಜೂನ್ ತಿಂಗಳ ಸ್ತಂಭವು ಉಳಿದೆಲ್ಲವನ್ನೂ ಮೀರಿ ಮೇಲೇಳುವ ಸಂಭವ ಬಹಳ. ಆ ತಿಂಗಳಲ್ಲಿ ಅಷ್ಟೊಂದು ಜನ ಏಕೆ ಹುಟ್ಟಿದರು? ಮಕ್ಕಳು ಮೊದಲು ಬಗೆಬಗೆಯ ಕಾರಣಗಳನ್ನು ಕಲ್ಪಿಸುತ್ತಾರೆ. ಆಮೇಲೆ ಮನೆಗೆ ಹೋಗಿ ವಿಚಾರಿಸಿದಾಗ, ಹುಟ್ಟಿದ ದಿನವನ್ನು ಬರೆದಿಡುವ ರೂಢಿಯಿಲ್ಲದ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸಿಕೊಳ್ಳುವ ಉಪಾಧ್ಯಾಯರು ವಯಸ್ಸನ್ನು ಅಂದಾಜುಮಾಡಿ, ಶಾಲೆಯು ತೆರೆಯುವ ಕಾಲದ ಆ ದಿನಾಂಕವನ್ನೇ ಬರೆದುಬಿಡುತ್ತಿದ್ದರೆಂಬ ವೃತ್ತಾಂತ ಹೊರಬರುತ್ತದೆ. ಎತ್ತರದ ಸ್ತಂಭವು ಲೋಕದ ಸ್ಥಿತಿಯನ್ನು ಹೇಳುವುದಕ್ಕೆ ಬದಲಾಗಿ ಬರೆದಿಟ್ಟವರ ಪದ್ಧತಿಯನ್ನು ಹೇಳುವುದೂ ಉಂಟು ಎಂಬುದನ್ನು ಪ್ರೌಢ ಸಂಶೋಧಕರೂ ಕೆಲವೊಮ್ಮೆ ಮರೆಯುತ್ತಾರೆ. ನಾಲ್ಕನೆಯ ತರಗತಿಯ ಮಗುವು ತನ್ನ ಅಜ್ಜಿಯ ಬಾಯಿಂದ ಅದನ್ನು ಕಲಿಯಬಲ್ಲುದು.

ಇಷ್ಟೆಲ್ಲಕ್ಕೆ ಸಮಯವೆಲ್ಲಿ ಎಂದು ಉಪಾಧ್ಯಾಯರು ಕೇಳುವುದು ನ್ಯಾಯವಾದದ್ದೇ. ಒಬ್ಬರೇ ಎರಡು ಮೂರು ತರಗತಿಗಳನ್ನು ನೋಡಿಕೊಳ್ಳುವ ಹಳ್ಳಿಯ ಶಾಲೆಗಳ ಕಷ್ಟವನ್ನು ನಾನು ಲಘುವಾಗಿ ಎಣಿಸುವವನಲ್ಲ. ಆದರೆ ಆಲೇಖಕ್ಕೆ ಪ್ರತ್ಯೇಕವಾದ ಅಧ್ಯಾಯವಾಗಲಿ, ಅದಕ್ಕೆ ಮೀಸಲಾದ ತಿಂಗಳಾಗಲಿ ಬೇಕೆಂದು ಯಾರು ವಿಧಿಸಿದ್ದಾರೆ? ಜಾನ್ ಪ್ಲೇಫೇರನು ತಮ್ಮನಿಂದ ಉಷ್ಣಮಾಪಕದ ಲೆಕ್ಕವನ್ನು ಬರೆಯಿಸಿದ್ದು ದಿನಕ್ಕೆ ಕೆಲವು ನಿಮಿಷಗಳ ಕೆಲಸ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಹಬ್ಬಿದ ನಲಿಕಲಿ ಪದ್ಧತಿಯ ಕೊಠಡಿಗಳಲ್ಲಿ ಕಲಿಕಾ ಏಣಿ, ಕಲಿಕಾ ಚಪ್ಪರಗಳ ಜೊತೆಗೆ ಹವಾಮಾನ ನಕ್ಷೆಯೊಂದು ಗೋಡೆಯ ಮೇಲೆ ಇರುತ್ತದೆ. ಬಿಸಿಲೋ, ಮೋಡವೋ, ಮಳೆಯೋ ಎಂಬುದನ್ನು ಮಕ್ಕಳು ಅಲ್ಲಿ ಗುರುತಿಸುತ್ತಾರೆ. ಆ ಗುರುತುಗಳು ತಿಂಗಳು ಮುಗಿದೊಡನೆ ವ್ಯರ್ಥವಾಗಿ ಅಳಿಸಿಹೋಗದೆ, ಬಿಸಿಲಿನ ದಿನಗಳೆಷ್ಟು, ಮೋಡದ ದಿನಗಳೆಷ್ಟು, ಮಳೆಯ ದಿನಗಳೆಷ್ಟು ಎಂದು ಮೂರು ಸ್ತಂಭಗಳಾಗಿ ಮಾರ್ಪಟ್ಟು ಗೋಡೆಯ ಮೇಲೆಯೇ ಉಳಿದರೆ, ವರ್ಷದ ಕೊನೆಗೆ ತಿಂಗಳುಗಳ ಸಾಲೊಂದು ಅಲ್ಲಿ ನಿಂತಿರುತ್ತದೆ. ಮೇಲಿನ ತರಗತಿಯ ಮಕ್ಕಳು ನೆಟ್ಟಗಿನ ಗೋಡೆಯುಳ್ಳ ಒಂದು ಡಬ್ಬಿಯನ್ನು ಬಯಲಿನಲ್ಲಿಟ್ಟು, ಅದರಲ್ಲಿ ನಿಂತ ನೀರಿನ ಆಳವನ್ನು ಅಳತೆಪಟ್ಟಿಯಿಂದ ಮಿಲಿಮೀಟರುಗಳಲ್ಲಿ ಅಳೆದು ಬರೆದಿಡಬಹುದು. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಮಳೆ ಬಾರದ ದಿನ ಬರೆಯುವುದೇನೂ ಇಲ್ಲವೆಂದು ಮಗು ಪುಸ್ತಕವನ್ನು ಮುಚ್ಚಲು ಹೊರಟರೆ, ಆ ದಿನದ ಸೊನ್ನೆಯನ್ನೂ ಬರೆಯಿಸಬೇಕು. ಸೊನ್ನೆಗಳನ್ನು ಬಿಟ್ಟ ನಕ್ಷೆಯು ಬರಗಾಲವನ್ನು ಮರೆಮಾಡುತ್ತದೆ.

ಪಠ್ಯಪುಸ್ತಕಗಳ ರಚನೆಯಲ್ಲಿ ತೊಡಗಿರುವವರು ಈ ಪಾಠವನ್ನು ಕೊನೆಯ ಪುಟಗಳಿಂದ ಬಿಡಿಸಿ ವರ್ಷದುದ್ದಕ್ಕೂ ಹರಡಬೇಕು. ಪ್ರಶ್ನಪತ್ರಿಕೆಗಳನ್ನು ಸಿದ್ಧಪಡಿಸುವವರು, ಕೊಟ್ಟ ನಕ್ಷೆಯನ್ನು ನೋಡಿ ಎರಡು ಪ್ರಶ್ನೆಗಳನ್ನು ನೀನೇ ಬರೆ ಎಂಬ ಒಂದು ಪ್ರಶ್ನೆಗೆ ಎಡೆಮಾಡಿಕೊಡಬೇಕು. ಮನೆಯ ಹಿರಿಯರು, ಮಗುವು ಪುಸ್ತಕ ಹಿಡಿದು ಬಂದು ಹಿತ್ತಲಿನ ಮರವನ್ನೋ ಅಜ್ಜಿಯ ವಯಸ್ಸನ್ನೋ ಕೇಳಿದಾಗ ಹೊತ್ತಿಲ್ಲವೆನ್ನದೆ ನಿಜವಾದ ಉತ್ತರವನ್ನು ಕೊಡಬೇಕು. ಉಪಾಧ್ಯಾಯರಲ್ಲಿ ನನ್ನ ಪ್ರಾರ್ಥನೆ ಒಂದೇ. ಬರುವ ವರ್ಷ ಶಾಲೆಯು ತೆರೆಯುವ ಕಾಲಕ್ಕೆ ಮುಂಗಾರೂ ನಾಡನ್ನು ಪ್ರವೇಶಿಸುತ್ತಿರುತ್ತದೆ. ಮೊದಲ ವಾರದಲ್ಲಿಯೇ ಡಬ್ಬಿಯೊಂದನ್ನು ಅಂಗಳದಲ್ಲಿ ಇಡಿಸಿ, ಆ ದಿನದ ಅಳತೆಯನ್ನು ತರಗತಿಯ ಅತ್ಯಂತ ಚಿಕ್ಕ ಮಗುವಿನ ಕೈಯಿಂದ ಬರೆಯಿಸಿರಿ.